ಕೆಟ್ಟುಹೋದ ಹಾರ್ಡ್ ಡಿಸ್ಕಿನಲ್ಲಿ ಉಳಿದ ಬರಹ

ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಪಲಿಮಾರು ಮಠಕ್ಕೆ ಮೂಲಯತಿಗಳಾದವರು ಶ್ರೀಮಧ್ವಾಚಾರ್ಯರ ಸಾಕ್ಷಾತ್ ಶಿಷ್ಯರಾದ ಹೃಷೀಕೇಶತೀರ್ಥರು. ಇಂದಿನ ಕಾಪು ತಾಲೂಕಿಗೆ ಸೇರಿದ ಪಲಿಮಾರು ಗ್ರಾಮದಿಂದ ಹೆಸರು ಪಡೆದ ಈ ಮಠದಲ್ಲಿ, ಗುರುಗಳ ಸಮಸ್ತ ಕೃತಿಗಳ ಸಮುಚ್ಚಯವಾದ ಸರ್ವಮೂಲದ ತಾಳೆಗರಿಯ ಪ್ರತಿಯೊಂದುಂಟು. ತುಳು ಲಿಪಿಯಲ್ಲಿರುವ ಅದನ್ನು ಹೃಷೀಕೇಶತೀರ್ಥರೇ ಬರೆದಿಟ್ಟರೆಂಬುದು ಸಂಪ್ರದಾಯದ ನಂಬುಗೆ. ಸುಮಾರು 700 ವರ್ಷ ಉಳಿದುಬಂದ ಆ ಕಟ್ಟು, ನಮ್ಮ ಕಾಲದಲ್ಲಿ ಬನ್ನಂಜೆ ಗೋವಿಂದಾಚಾರ್ಯರು ಸರ್ವಮೂಲದ ಶುದ್ಧಪಾಠವನ್ನು ಸಂಪಾದಿಸಲು ಹೊರಟಾಗ ಅವರಿಗೆ ಆಧಾರವಾಯಿತು. ಆದರೆ ಗರಿಗೂ ಮುಪ್ಪು ತಪ್ಪಿದ್ದಲ್ಲ. ಬಣ್ಣ ಕಂದಿ, ಅಂಚು ಮುರಿದು, ಸೀಳುಬಿಟ್ಟು, ಕಂಟದಿಂದ ಕೊರೆದ ಗೆರೆಯಲ್ಲಿ ತುಂಬಿದ್ದ ಮಸಿಗೂ ಸುತ್ತಲಿನ ಗರಿಗೂ ಭೇದವೇ ತೋರದಷ್ಟು ಅದು ಕಪ್ಪಾಗಿದ್ದ ಕಾಲಕ್ಕೆ, 2005ರ ಕೊನೆಯಲ್ಲಿ, ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕರಾದ ಪಿ. ಆರ್. ಮುಕುಂದ ಅವರೂ, ಆರ್ಕಿಮಿಡೀಸನ ಅಳಿಸಿಹೋದ ಹಸ್ತಪ್ರತಿಯನ್ನು ಓದಿಸುವ ಕಾರ್ಯದಲ್ಲಿ ಪಾಲ್ಗೊಂಡಿದ್ದ ರೋಜರ್ ಈಸ್ಟನ್ ಅವರೂ ಉಡುಪಿಗೆ ಬಂದು ಅದನ್ನು ಪರೀಕ್ಷಿಸಿದರು. ಮರುವರ್ಷ ಮತ್ತೆ ಬಂದು ಅವಕೆಂಪು ಕಿರಣಗಳಲ್ಲಿ ಗರಿಗರಿಯ ಚಿತ್ರವನ್ನೂ ತೆಗೆದರು.

ಅವಕೆಂಪು ಕಿರಣವೇ ಏಕೆಂದರೆ, ಮಸಿಯೆಂಬುದು ಇಂಗಾಲ. ಇಂಗಾಲವು ಕಣ್ಣಿಗೆ ಕಾಣುವ ಬೆಳಕನ್ನು ನುಂಗುವಂತೆಯೇ ಕೆಂಪಿನ ಆಚೆಯ ಕಿರಣವನ್ನೂ ನುಂಗಿಬಿಡುತ್ತದೆ. ಮುಪ್ಪಿನಿಂದ ಕಂದುಗಟ್ಟಿದ ಗರಿಯಾದರೋ ನಮ್ಮ ಕಣ್ಣಿಗೆ ಎಷ್ಟೇ ಕಪ್ಪಾಗಿ ತೋರಲಿ, ಆ ಕಿರಣವನ್ನು ಬಹುಮಟ್ಟಿಗೆ ಹಿಂದಿರುಗಿಸುತ್ತದೆ. ಆದುದರಿಂದ ಕ್ಯಾಮೆರಾದೊಳಗೆ ಗರಿ ಬೆಳ್ಳಗೆ, ಅಕ್ಷರ ಕಪ್ಪಗೆ, ಶತಮಾನಗಳ ಹಿಂದೆ ಲಿಪಿಕಾರನ ಕೈಯಿಂದ ಹೊರಟಂತೆ ಮೂಡಿಬಂದುವು. ಅಕ್ಷರವು ಅಳಿದಿರಲಿಲ್ಲ; ಅದನ್ನು ಕಾಣಬೇಕಾದ ಕಣ್ಣಿನ ಸಾಮರ್ಥ್ಯ ಸಾಲದೆ ಬಂದಿತ್ತು. ಕೆಟ್ಟ ಹಾರ್ಡ್ ಡಿಸ್ಕಿನಿಂದ ಬರಹವನ್ನು ಮರಳಿ ಪಡೆಯುವ ವಿದ್ಯೆಯನ್ನು ವಿವರಿಸಲಿರುವ ಈ ಅಧ್ಯಾಯವನ್ನು ಮಠದ ತಾಳೆಗರಿಯಿಂದ ಆರಂಭಿಸಿದ್ದಕ್ಕೆ ಇದೇ ಕಾರಣ: ಎರಡು ಕಡೆಯೂ ಮೊದಲು ಕೆಡುವುದು ಓದುವ ಸಾಧನ, ಬಳಿಕ ಓದಬೇಕಾದ ಸ್ಥಳದ ಗುರುತು, ಬರಹವು ಕೆಡುವುದು ಎಲ್ಲಕ್ಕಿಂತ ಕಡೆಗೆ, ಅದೂ ಅನೇಕ ವೇಳೆ ಉಳಿಸಲು ಹೋದವರ ಕೈಯಿಂದಲೇ.

ಹಾರ್ಡ್ ಡಿಸ್ಕಿನ ವಂಶ ಬಹಳ ಹಳೆಯದೇನಲ್ಲ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಗುವುದಕ್ಕೆ ಒಂದು ವರ್ಷ ಮೊದಲು, 1956ರಲ್ಲಿ, ಐಬಿಎಂ ಸಂಸ್ಥೆಯವರು ಹೊರತಂದ ರಾಮಾಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳು ಒಂದೇ ಅಚ್ಚಿನ ಮೇಲೆ ತಿರುಗುತ್ತಿದ್ದುವು. ಸುಮಾರು ಒಂದು ಟನ್ನಿನ ಆ ಭೂತಾಕಾರದ ಪೆಟ್ಟಿಗೆ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಮೇಲೆ ಕೂರುವ ಪೆಟ್ಟಿಗೆ ಅದರ ಲಕ್ಷಾಂತರ ಪಟ್ಟನ್ನು ಹಿಡಿಯುತ್ತದೆಯಾದರೂ ಒಳಗಿನ ತತ್ತ್ವ ಬದಲಾಗಿಲ್ಲ. ಅಲ್ಯುಮಿನಿಯಮ್ಮಿನ ಅಥವಾ ಗಾಜಿನ ನುಣುಪಾದ ತಟ್ಟೆ. ಅದರ ಮೇಲೆ ಕೋಬಾಲ್ಟ್ ಪ್ರಧಾನವಾದ ಮಿಶ್ರಲೋಹದ ಅತ್ಯಂತ ತೆಳುವಾದ ಲೇಪ. ಆ ಲೇಪದಲ್ಲಿ ಅಸಂಖ್ಯಾತ ಕಾಂತಕಣಗಳು. ಕಣಗಳ ಒಂದು ಚಿಕ್ಕ ಗುಂಪು ಮೇಲ್ಮುಖವಾಗಿ ಕಾಂತೀಕೃತವಾಗಿದೆಯೋ ಕೆಳಮುಖವಾಗಿಯೋ ಎಂಬುದರಲ್ಲಿ, ಆ ದಿಕ್ಕು ಎಲ್ಲಿ ಬದಲಾಗುತ್ತದೆ ಎಂಬುದರಲ್ಲಿ, ನಮ್ಮ ಮಗಳ ಮದುವೆಯ ಚಿತ್ರವೂ ನಮ್ಮ ತೆರಿಗೆಯ ಲೆಕ್ಕವೂ ಸಮಾನ ನಿರ್ವಿಕಾರದಿಂದ ಅಡಗಿರುತ್ತವೆ. ಈ ದಿಕ್ಕನ್ನು ಅರಿಯುವ ಅವಯವವನ್ನು ಹೆಡ್ ಎನ್ನುತ್ತಾರೆ. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫೆರ್ಟ್, ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಇವರೀರ್ವರೂ ಪ್ರತ್ಯೇಕವಾಗಿ ಕಂಡುಹಿಡಿದ ದೈತ್ಯ ಕಾಂತರೋಧವೆಂಬ ವಿದ್ಯಮಾನ ಬಳಕೆಗೆ ಬಂದ ಬಳಿಕ ಹೆಡ್ಡಿನ ಸೂಕ್ಷ್ಮಗ್ರಾಹಿತ್ವ ಬಹಳ ಹೆಚ್ಚಿತು. ಇಬ್ಬರಿಗೂ 2007ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ತಟ್ಟೆಯು ನಿಮಿಷಕ್ಕೆ 7200 ಸುತ್ತು ತಿರುಗುವಾಗ ಅದರ ಹೊರ ಅಂಚಿನ ವೇಗ ಗಂಟೆಗೆ 120 ಕಿಲೋಮೀಟರಿಗೂ ಮಿಕ್ಕಿದ್ದು. ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆ ಎಳೆದುತರುವ ಗಾಳಿಯ ಪದರದ ಮೇಲೆ, ಕೆಲವೇ ನ್ಯಾನೊಮೀಟರುಗಳ ಎತ್ತರದಲ್ಲಿ, ತೇಲುತ್ತಿರುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗಕ್ಕೆ ನ್ಯಾನೊಮೀಟರೆಂದು ಹೆಸರು. ಕಣ್ಣಿಗೆ ಕಾಣದ ಧೂಳಿನ ಕಣವೂ ಈ ಸಂದಿಗೆ ಹೋಲಿಸಿದರೆ ಗುಡ್ಡವೇ ಸರಿ. ಹೆಡ್ ಒಮ್ಮೆ ತಟ್ಟೆಗೆ ತಗುಲಿತೆಂದರೆ ಲೇಪ ಕೆರೆದು ಪುಡಿಯೇಳುತ್ತದೆ, ಆ ಪುಡಿ ಮತ್ತೊಂದೆಡೆ ಸಿಕ್ಕಿ ಇನ್ನಷ್ಟು ಕೆರೆಯುತ್ತದೆ. ಹೀಗೆ ಕೆರೆದುಹೋದ ಜಾಗದಲ್ಲಿದ್ದ ಬರಹವನ್ನು ತಂದುಕೊಡುವ ಶಕ್ತಿ ಯಾವ ಪ್ರಯೋಗಶಾಲೆಗೂ ಇಲ್ಲ. ಹಾರ್ಡ್ ಡಿಸ್ಕಿನ ಪಾಲಿಗೆ ನಿಜವಾದ ಮರಣವೆಂದರೆ ಇದೊಂದೇ. ಉಳಿದುವೆಲ್ಲ ಬಹುಮಟ್ಟಿಗೆ ಮೂರ್ಛೆ.

ಮೂರ್ಛೆಯ ಬಗೆಗಳು ಹಲವು. ಕರಾವಳಿಯವರಿಗೆ ಪರಿಚಿತವಾದುದು ಸಿಡಿಲಿನದು. ಮುಂಗಾರಿಗೆ ಮುನ್ನ ಏಪ್ರಿಲ್-ಮೇ ತಿಂಗಳುಗಳಲ್ಲಿಯೂ, ಮಳೆಗಾಲ ಹಿಂದೆಗೆಯುವ ಅಕ್ಟೋಬರಿನಲ್ಲಿಯೂ, ಘಟ್ಟದ ತಪ್ಪಲಿನ ಕಾರ್ಕಳ ಹೆಬ್ರಿಗಳ ಕಡೆ ಗುಡುಗು ಸಿಡಿಲುಗಳ ಅಬ್ಬರವನ್ನು ಕಂಡವರಿಗೆ, ವಿದ್ಯುತ್ ತಂತಿಯಲ್ಲಿ ಹಠಾತ್ತಾಗಿ ಏರಿಬಂದ ಒತ್ತಡಕ್ಕೆ ಟಿವಿ, ಮೋಡೆಮ್, ಗಣಕಯಂತ್ರಗಳು ಸಾಲಾಗಿ ಸುಟ್ಟುಹೋಗುವುದು ಹೊಸ ಸುದ್ದಿಯಲ್ಲ. ಇಂಥಲ್ಲಿ ಸಾಮಾನ್ಯವಾಗಿ ಸುಡುವುದು ಡಿಸ್ಕಿನ ಹೊರಮೈಗೆ ತಿರುಪಿನಿಂದ ಬಿಗಿದಿರುವ ಹಸುರು ಬೋರ್ಡು. ತಟ್ಟೆಗೂ ಹೆಡ್ಡಿಗೂ ಏನೂ ಆಗಿರುವುದಿಲ್ಲ. ಹಾಗಾದರೆ ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡನ್ನು ಕಳಚಿ ತೊಡಿಸಿದರಾಯಿತಲ್ಲ ಎಂದು ತೋರುವುದು ಸಹಜ. ಹಿಂದಿನ ಕಾಲದ ಡಿಸ್ಕುಗಳಲ್ಲಿ ಅದು ನಡೆಯುತ್ತಲೂ ಇತ್ತು. ಈಗಿನವುಗಳಲ್ಲಿ ಪ್ರತಿಯೊಂದು ಡಿಸ್ಕಿನ ಹೆಡ್ಡುಗಳ ಗುಣದೋಷಗಳನ್ನು ಕಾರ್ಖಾನೆಯಲ್ಲಿಯೇ ಅಳೆದು, ಆ ಅಂಕಿಗಳನ್ನು ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿ ಬರೆದಿಟ್ಟಿರುತ್ತಾರಾದ ಕಾರಣ, ಒಂದರ ಬೋರ್ಡು ಇನ್ನೊಂದರ ಹೆಡ್ಡುಗಳನ್ನು ಅರಿಯದು. ಬಲ್ಲ ಕುಶಲಕರ್ಮಿಯು ಹಳೆಯ ಬೋರ್ಡಿನ ಆ ಚಿಪ್ಪನ್ನು ಬೆಸುಗೆ ಬಿಡಿಸಿ ಹೊಸದಕ್ಕೆ ಕೂಡಿಸುತ್ತಾನೆ, ಡಿಸ್ಕು ಎಚ್ಚರಗೊಳ್ಳುತ್ತದೆ.

ಇನ್ನೊಂದು ಬಗೆ, ಟಕ್ ಟಕ್ ಎಂಬ ಶಬ್ದದ್ದು. ತಟ್ಟೆಯ ಮೇಲೆ ನಮ್ಮ ಬರಹದ ನಡುನಡುವೆ, ಹೆಡ್ ತಾನು ಎಲ್ಲಿದ್ದೇನೆಂದು ತಿಳಿಯುವುದಕ್ಕಾಗಿ ಕಾರ್ಖಾನೆಯವರು ಕಾಂತದ ಗುರುತುಗಳನ್ನು ಬರೆದಿರುತ್ತಾರೆ. ಕೆಟ್ಟ ಹೆಡ್ ಆ ಗುರುತುಗಳನ್ನು ಓದಲಾರದೆ ತಟ್ಟೆಯ ಮೇಲೆ ಅತ್ತಿತ್ತ ಅಲೆದು, ತನ್ನ ತಂಗುದಾಣಕ್ಕೆ ಹಿಂದಿರುಗಿ, ಮತ್ತೆ ಹೊರಡುತ್ತದೆ. ಪ್ರತಿ ಸಲ ತಡೆಗಂಬಕ್ಕೆ ತಗುಲಿದಾಗಲೂ ಆ ಶಬ್ದ. ಇದನ್ನು ಕೇಳಿಯೂ ಇನ್ನೊಂದು ಸಲ ಆನ್ ಮಾಡಿ ನೋಡುವವರೇ ಹೆಚ್ಚು. ಬಾಗಿದ ಹೆಡ್ ಪ್ರತಿ ಯಾತ್ರೆಯಲ್ಲಿಯೂ ಲೇಪವನ್ನು ಕೆರೆಯುತ್ತಿರಬಹುದು ಎಂಬುದನ್ನು ಬಲ್ಲವನು ಹಾಗೆ ಮಾಡಲಾರ. ಇದರ ಚಿಕಿತ್ಸೆ, ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನಿಗೆ ಮಿಕ್ಕ ಕಣಗಳು ನೂರನ್ನು ಮೀರದಂತೆ ಶೋಧಿಸಿದ ಸ್ವಚ್ಛಕೋಣೆಯಲ್ಲಿ ಪೆಟ್ಟಿಗೆಯನ್ನು ಬಿಚ್ಚಿ, ಸರಿಜೋಡಿಯ ಡಿಸ್ಕೊಂದರ ಹೆಡ್ಡುಗಳನ್ನು ಕಸಿಮಾಡುವುದು. ಮನೆಯ ಮೇಜಿನ ಮೇಲೆ ಮುಚ್ಚಳ ತೆಗೆದು ನೋಡುವ ಕುತೂಹಲದಿಂದ ಉಂಟಾಗುವ ಹಾನಿ, ಮೊದಲಿನ ಕೇಡಿಗಿಂತ ದೊಡ್ಡದು.

ತಟ್ಟೆಯೊಂದು ಉಳಿದರೆ ಎಷ್ಟು ಉಳಿಯಬಹುದೆಂಬುದಕ್ಕೆ ನಾನರಿತ ಪರಮ ನಿದರ್ಶನ ಕೊಲಂಬಿಯಾ ನೌಕೆಯದು. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಅವರೂ ಸೇರಿದಂತೆ ಏಳು ಮಂದಿಯನ್ನು ಹೊತ್ತ ಆ ಗಗನನೌಕೆ ಭೂಮಿಗೆ ಮರಳುವಾಗ ಆಕಾಶದಲ್ಲಿಯೇ ಛಿದ್ರವಾಯಿತಷ್ಟೆ. ತಿಂಗಳುಗಳ ಮೇಲೆ, ಬತ್ತಿದ ಕೆರೆಯಂಗಳದಲ್ಲಿ, ಅವಶೇಷಗಳ ನಡುವೆ ಕರಗಿ ವಿಕಾರಗೊಂಡ ಒಂದು ಹಾರ್ಡ್ ಡಿಸ್ಕು ದೊರೆಯಿತು. ಅದರಲ್ಲಿದ್ದುದು ಝೆನಾನ್ ಅನಿಲದ ಸ್ನಿಗ್ಧತೆಯನ್ನು ಕುರಿತ ಪ್ರಯೋಗದ ಅಂಕಿಅಂಶ. ಹೊರಮೈ ಸುಟ್ಟು, ಮುಚ್ಚಳದ ಅಂಚಿನ ಪಟ್ಟಿ ಕರಗಿ, ಒಳಗೆ ಧೂಳು ಸೇರಿತ್ತು. ಆದರೂ ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯ ತಜ್ಞರು ತಟ್ಟೆಗಳನ್ನು ತೊಳೆದು, ಹೊಸ ಡಿಸ್ಕಿನ ಒಡಲಿಗೆ ಸೇರಿಸಿ, ನೂರಕ್ಕೆ 99ರಷ್ಟು ಬರಹವನ್ನು ಓದಿ ತೆಗೆದರು. ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅದೃಷ್ಟವೂ ಅಲ್ಲಿ ಸೇರಿತ್ತೆನ್ನಬೇಕು. ತಟ್ಟೆಯ ಅರ್ಧ ಭಾಗದಲ್ಲಷ್ಟೇ ಬರಹವಿದ್ದು, ಪೆಟ್ಟುಬಿದ್ದ ಜಾಗ ಖಾಲಿಯಿದ್ದಿತು. ಹಳೆಯ ಡಾಸ್ ವ್ಯವಸ್ಥೆಯ ಗಣಕವಾದ್ದರಿಂದ ಬರಹ ಚದುರದೆ ಒಂದರ ಬೆನ್ನಿಗೆ ಒಂದರಂತೆ ಸಾಲಾಗಿದ್ದಿತು. ಕಾಂತಗುಣವು ನಾಶವಾಗುವುದು ಪ್ರತಿ ವಸ್ತುವಿಗೂ ಗೊತ್ತಾದ ಒಂದು ಉಷ್ಣಾಂಶವನ್ನು, ಅಂದರೆ ಕ್ಯೂರಿ ಬಿಂದುವನ್ನು, ದಾಟಿದ ಮೇಲೆ. ಆ ತಟ್ಟೆಗಳು ಅಷ್ಟು ಕಾಯಲಿಲ್ಲ.

ಅಗ್ನಿಯ ಕಥೆ ಹೀಗಾದರೆ ನಮ್ಮ ಕಡೆಯ ಕಥೆ ಜಲದ್ದು. 2020ರ ಸೆಪ್ಟೆಂಬರ್ 20ರಂದು ಒಂದೇ ರಾತ್ರಿಯ ಮಹಾವರ್ಷಕ್ಕೆ ಉಡುಪಿಯ ತಗ್ಗುಪ್ರದೇಶಗಳು ಜಲಾವೃತವಾಗಿ, ಅಂಗಡಿ ಮನೆಗಳಿಗೆ ನೀರು ನುಗ್ಗಿದುದನ್ನು ಊರಿನವರು ಮರೆತಿರಲಾರರು. ಇಂಥ ಸಂದರ್ಭದಲ್ಲಿ ನೀರಿನಲ್ಲಿ ನೆನೆದ ಡಿಸ್ಕನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಡಬೇಕೆಂಬ ಉಪದೇಶ ಎಲ್ಲೆಡೆಯೂ ಕೇಳಬರುತ್ತದೆ. ಕುಚ್ಚಲಕ್ಕಿಯಾಗಲಿ ಬೆಳ್ತಿಗೆಯಾಗಲಿ ಡಿಸ್ಕಿಗೆ ಮಾಡುವ ಉಪಕಾರ ಏನೂ ಇಲ್ಲ. ನೆರೆಯ ನೀರೆಂದರೆ ಕೆಸರು, ಲವಣ, ಎಣ್ಣೆಗಳ ಕಷಾಯ. ನೀರು ಆರಿಹೋದರೆ ಈ ಶೇಷವೆಲ್ಲ ತಟ್ಟೆಯ ಮೇಲೆ ಗಟ್ಟಿಯಾಗಿ ಹತ್ತಿಕೊಳ್ಳುತ್ತದೆ, ಹೆಡ್ ತಟ್ಟೆಗೆ ಅಂಟಿಕೊಳ್ಳುವುದೂ ಉಂಟು. ಆದುದರಿಂದ ತಜ್ಞರು ಹೇಳುವುದು ನಮ್ಮ ಸಹಜಬುದ್ಧಿಗೆ ವಿರುದ್ಧವಾದುದು: ಒಣಗಿಸಬೇಡಿ, ಒದ್ದೆಯಾಗಿದ್ದಂತೆಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ, ವಿದ್ಯುತ್ತನ್ನಂತೂ ಕೊಡಲೇಬೇಡಿ. ಫ್ರೀಜರಿನಲ್ಲಿಟ್ಟು ತೆಗೆದರೆ ನಿಂತ ಡಿಸ್ಕು ನಡೆಯುವುದೆಂಬ ಇನ್ನೊಂದು ಮದ್ದೂ ಪ್ರಚಾರದಲ್ಲಿದೆ. ಅಂಟಿಕೊಂಡ ಹಳೆಯ ಡಿಸ್ಕೊಂದು ಲೋಹ ಸಂಕುಚಿಸಿದ್ದರಿಂದ ಸಡಿಲಿ ಒಮ್ಮೊಮ್ಮೆ ನಡೆದಿರಬಹುದು. ಆದರೆ ಆಷಾಢದ ಕಾಪುವಿನಲ್ಲಿ, ಸಮುದ್ರದ ತೇವವೆಲ್ಲ ಗಾಳಿಯಲ್ಲಿಯೇ ನಿಂತಿರುವ ದಿನಗಳಲ್ಲಿ, ತಣ್ಣಗಿನ ಡಿಸ್ಕನ್ನು ಹೊರತೆಗೆದರೆ ಏನಾದೀತು? ಸಾಮಾನ್ಯ ಡಿಸ್ಕಿನ ಪೆಟ್ಟಿಗೆ ಸಂಪೂರ್ಣ ಮುಚ್ಚಿದುದಲ್ಲ. ಒಳಹೊರಗಿನ ವಾಯುಭಾರ ಸಮನಾಗಲೆಂದು ಶೋಧಕವುಳ್ಳ ಒಂದು ಸೂಕ್ಷ್ಮರಂಧ್ರ ಅದಕ್ಕಿರುತ್ತದೆ. ಶೋಧಕವು ಧೂಳನ್ನು ತಡೆದೀತು, ನೀರಾವಿಯನ್ನು ತಡೆಯದು. ತಟ್ಟೆಯ ಮೇಲೆ ಇಬ್ಬನಿ ಕಟ್ಟುತ್ತದೆ. ಹೆಡ್ ತೇಲಬೇಕಾದ ಎತ್ತರಕ್ಕಿಂತ ಆ ಹನಿಗಳು ಸಾವಿರಾರು ಪಾಲು ದೊಡ್ಡವು.

ಡಿಸ್ಕು ಹೇಗೋ ಎಚ್ಚರಗೊಂಡಿತೆನ್ನೋಣ. ಆಗ ಮೊದಲು ಮಾಡತಕ್ಕದ್ದು, ಬೇಕಾದ ಫೈಲನ್ನು ಹುಡುಕುವುದಲ್ಲ. ಇಡೀ ತಟ್ಟೆಯನ್ನು ಮೊದಲಿನಿಂದ ಕಡೆಯವರೆಗೆ, ಖಾಲಿಯೆಂದು ತೋರುವ ಜಾಗವನ್ನೂ ಬಿಡದೆ, ಬೇರೊಂದು ಆರೋಗ್ಯವಂತ ಡಿಸ್ಕಿಗೆ ಪ್ರತಿಮಾಡಿಕೊಳ್ಳುವುದು. ಅಂಟೋನಿಯೋ ಡಿಯಾಸ್ ಡಿಯಾಸ್ ಎಂಬವರು ರಚಿಸಿ ಮುಕ್ತವಾಗಿ ಹಂಚಿದ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವು ಈ ಕಾರ್ಯವನ್ನು ಬಹು ವಿವೇಕದಿಂದ ನಡೆಸುತ್ತದೆ. ಸುಲಭವಾಗಿ ಓದಬರುವ ಭಾಗಗಳನ್ನೆಲ್ಲ ಮೊದಲು ಬಾಚಿಕೊಂಡು, ತೊಡಕಿನ ಸ್ಥಳ ಬಂದೊಡನೆ ಅದನ್ನು ಗುರುತುಮಾಡಿ ದಾಟಿ ಮುಂದೆ ಹೋಗಿ, ಎಲ್ಲ ಮುಗಿದ ಮೇಲೆ ತೊಡಕಿನ ಸ್ಥಳಗಳಿಗೆ ಮರಳಿಬಂದು ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಒಳಸರಿಯುತ್ತದೆ. ಸಾಯುತ್ತಿರುವ ಡಿಸ್ಕಿನ ಉಳಿದ ಆಯುಸ್ಸನ್ನು ಹಟದಲ್ಲಿ ವ್ಯಯಮಾಡದಿರುವುದೇ ಇದರ ಜಾಣ್ಮೆ. ನಮ್ಮ ಸಾಮಾನ್ಯ ಗಣಕವ್ಯವಸ್ಥೆಯ ನಡತೆ ಇದಕ್ಕೆ ತದ್ವಿರುದ್ಧ: ಕೆಟ್ಟ ಸೆಕ್ಟರೊಂದು ಸಿಕ್ಕರೆ ಅದನ್ನೇ ಪುನಃ ಪುನಃ ಓದಲೆತ್ನಿಸುತ್ತದೆ, ದುರಸ್ತಿಯೆಂಬ ಹೆಸರಿನಲ್ಲಿ ಅದೇ ಡಿಸ್ಕಿನ ಮೇಲೆ ಬರೆಯುವುದಕ್ಕೂ ಹೊರಡುತ್ತದೆ.

ಯಂತ್ರವೇನೂ ಕೆಡದೆ, ಕೈತಪ್ಪಿನಿಂದ ಅಳಿಸಿಯೋ ಫಾರ್ಮ್ಯಾಟ್ ಮಾಡಿಯೋ ಕಳೆದುಕೊಂಡ ಬರಹದ ಸಮಾಚಾರ ಬೇರೆ. ಗ್ರಂಥಾಲಯದ ಸೂಚೀಪೆಟ್ಟಿಗೆಯಿಂದ ಒಂದು ಚೀಟಿಯನ್ನು ಕಿತ್ತುಹಾಕಿದರೆ ಕಪಾಟಿನಲ್ಲಿರುವ ಪುಸ್ತಕವೇನೂ ಎದ್ದುಹೋಗುವುದಿಲ್ಲವಲ್ಲ, ಹಾಗೆಯೇ ಇದು. ಹಳೆಯ ಡಾಸ್ ಕ್ರಮದಲ್ಲಿ ಫೈಲೊಂದನ್ನು ಅಳಿಸಿದರೆ ಆಗುತ್ತಿದ್ದುದು, ಸೂಚಿಯಲ್ಲಿ ಅದರ ಹೆಸರಿನ ಮೊದಲಕ್ಷರ ಮಾಯವಾಗಿ ಆ ಸ್ಥಾನದಲ್ಲಿ ಒಂದು ಸಂಕೇತ ಬೀಳುವುದು ಮತ್ತು ಅದು ಆಕ್ರಮಿಸಿದ್ದ ಜಾಗ ತೆರವಾಯಿತೆಂಬ ಟಿಪ್ಪಣಿ; ಇಷ್ಟೇ. ಬರಹವು ಅಲ್ಲಿಯೇ ಇದ್ದು, ಇನ್ನೊಂದು ಫೈಲು ಅದರ ಮೇಲೆ ಬಂದು ಕೂರುವವರೆಗೂ ಕಾಯುತ್ತದೆ. ಸೂಚಿಯೇ ಪೂರ್ತಿ ಹಾಳಾಗಿದ್ದರೂ ದಾರಿಯುಂಟು. ಜೆಪೆಗ್ ಎಂಬ ಬಗೆಯ ಛಾಯಾಚಿತ್ರವೆಲ್ಲ, ಹದಿನಾರರ ಮಾನದಲ್ಲಿ ಬರೆದರೆ, ಎಫ್‌ಎಫ್ ಡಿ8 ಎಂಬ ಜೋಡಿಯಿಂದ ಆರಂಭವಾಗಿ ಎಫ್‌ಎಫ್ ಡಿ9 ಎಂಬ ಜೋಡಿಯಿಂದ ಮುಗಿಯತಕ್ಕದ್ದೆಂದು ನಿಯಮ. ಕ್ರಿಸ್ಟಾಫ್ ಗ್ರೆನಿಯೆ ಅವರ ಫೋಟೊರೆಕ್ ಮುಂತಾದ ತಂತ್ರಾಂಶಗಳು ಸೂಚಿಯ ಹಂಗಿಲ್ಲದೆ ತಟ್ಟೆಯನ್ನು ಸಾಲುಸಾಲಾಗಿ ಓದುತ್ತ, ಇಂಥ ಆರಂಭಗಳನ್ನು ಕಂಡಲ್ಲೆಲ್ಲ ಒಂದೊಂದು ಫೈಲನ್ನು ಕಡೆದು ತೆಗೆಯುತ್ತವೆ. ಹೆಸರು ದಿನಾಂಕಗಳು ಸೂಚಿಯೊಡನೆ ಹೋದುವಾದ್ದರಿಂದ ಹೊರಬರುವುದೆಲ್ಲ ಅನಾಮಧೇಯ; ಛಾಯಾಗ್ರಾಹಕರ ಡಿಸ್ಕಾಗಿದ್ದರೆ ಕಾರ್ಕಳದ ಮದುವೆಯ ದಿಬ್ಬಣದ ನಡುವೆ ಮಂದಾರ್ತಿ ಯಕ್ಷಗಾನ ಮೇಳದ ಬಣ್ಣದ ವೇಷ ನುಗ್ಗಿ ಬಂದರೂ ಆಶ್ಚರ್ಯವಿಲ್ಲ.

ಕನ್ನಡದ ಬರಹಕ್ಕೆ ಇಲ್ಲಿ ಒಂದು ವಿಶೇಷ ಸೌಕರ್ಯವುಂಟು. ಯೂನಿಕೋಡ್ ಪದ್ಧತಿಯ ಯುಟಿಎಫ್-8 ಎಂಬ ಪ್ರಚಲಿತ ರೂಪದಲ್ಲಿ ಕನ್ನಡದ ಪ್ರತಿಯೊಂದು ವರ್ಣಕ್ಕೂ ಸ್ವರಚಿಹ್ನೆಗೂ ಮೂರು ಮೂರು ಬೈಟು. ಅವುಗಳಲ್ಲಿ ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಉಡುಪಿ ಎಂಬ ಊರಿನ ಹೆಸರು ಸ್ವರ ವ್ಯಂಜನ ಚಿಹ್ನೆಗಳು ಸೇರಿ ಐದು ಘಟಕ, ಅರ್ಥಾತ್ 15 ಬೈಟು. ಆದುದರಿಂದ ಕೋಟ್ಯಂತರ ಬೈಟುಗಳ ಅರಣ್ಯದಲ್ಲಿ ಇ0 ಬಿ2, ಇ0 ಬಿ3 ಎಂಬ ಹೆಜ್ಜೆಗುರುತು ಮೂರು ಮೂರು ಮಾರಿಗೊಮ್ಮೆ ಕಾಣಿಸಿಕೊಂಡಿತೆಂದರೆ, ಸಾದಾ ಪಠ್ಯದ ರೂಪದಲ್ಲಿದ್ದ ಕನ್ನಡ ಅಲ್ಲಿದೆಯೆಂದು ನಿಶ್ಚಯಿಸಬಹುದು. ಫೈಲಿನ ಅರ್ಧ ನಾಶವಾಗಿದ್ದರೂ ಉಳಿದರ್ಧ ಓದಬರುತ್ತದೆ. ವರ್ಡಿನ ಹೊಸ ಬಗೆಯ ಕಡತಗಳಲ್ಲಿ ಈ ಭಾಗ್ಯವಿಲ್ಲ. ಅವು ಜಿಪ್ ಕ್ರಮದಲ್ಲಿ ಸಂಕುಚಿತವಾದವು, ನಡುವೆ ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಅಯೋಮಯ.

ಇದಕ್ಕಿಂತಲೂ ಖೇದಕರವಾದುದು ಯೂನಿಕೋಡಿಗೆ ಹಿಂದಿನ ಕನ್ನಡದ ಗತಿ. ಉಡುಪಿ ಮಣಿಪಾಲಗಳು ಮುದ್ರಣಕ್ಕೆ ಹೆಸರಾದ ಊರುಗಳು. ಇಲ್ಲಿನ ಡಿಟಿಪಿ ಅಂಗಡಿಗಳಲ್ಲಿ ದಶಕಗಳ ಕಾಲ ಶ್ರೀಲಿಪಿ, ನುಡಿ, ಬರಹ ಮೊದಲಾದ ತಂತ್ರಾಂಶಗಳಿಂದ ಪುಸ್ತಕ, ಸ್ಮರಣ ಸಂಚಿಕೆ, ಲಗ್ನಪತ್ರಿಕೆಗಳು ಸಿದ್ಧವಾದುವು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಇರಿಸುತ್ತಿದ್ದುವು. ಅದೂ ಒಂದೊಂದು ತಂತ್ರಾಂಶ ಒಂದೊಂದು ಬಗೆಯಲ್ಲಿ. ಅಂಥ ಕಡತವನ್ನು ಒಂದು ಬೈಟೂ ಲೋಪವಾಗದಂತೆ ಉದ್ಧರಿಸಿ ತಂದರೂ, ಆ ಫಾಂಟು ಕೈಯಲ್ಲಿಲ್ಲದವನಿಗೆ ತೋರುವುದು ಲ್ಯಾಟಿನ್ ಅಕ್ಷರಗಳ ಗೊಂದಲವೇ. ತಟ್ಟೆಯೂ ಸರಿ, ಹೆಡ್ಡೂ ಸರಿ, ಸೂಚಿಯೂ ಸರಿ; ಆದರೂ ಬರಹವಿಲ್ಲ. ಪರಿವರ್ತಕ ತಂತ್ರಾಂಶಗಳು ಈಗ ದೊರೆಯುತ್ತವೆ, ಕೆಲಸವನ್ನೂ ಮಾಡುತ್ತವೆ. ಹಳೆಯ ಕಡತಗಳುಳ್ಳವರು ಡಿಸ್ಕು ಕೆಡುವುದಕ್ಕೆ ಮುನ್ನವೇ ಅವನ್ನು ಯೂನಿಕೋಡಿಗೆ ತಿರುಗಿಸಿಟ್ಟರೆ ಒಂದು ಕಂಟಕ ಕಳೆಯಿತು.

ಈಚಿನ ಎಸ್‌ಎಸ್‌ಡಿಗಳ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ತಟ್ಟೆಯಿಲ್ಲ, ಹೆಡ್ಡಿಲ್ಲ, ಬೀಳುವ ಭಯವೂ ಕಡಮೆ. ಆದರೆ ಫೈಲನ್ನು ಅಳಿಸಿದೊಡನೆ ಟ್ರಿಮ್ ಎಂಬ ಆಜ್ಞೆ ಹೊರಟು, ಆ ಜಾಗವನ್ನು ಮುಂದಿನ ಬರಹಕ್ಕಾಗಿ ನಿಜವಾಗಿಯೇ ತೊಳೆದಿಡುವ ಏರ್ಪಾಡು ಅಲ್ಲಿರುವುದರಿಂದ, ಹಾರ್ಡ್ ಡಿಸ್ಕು ತೋರುವ ಮರೆಗುಳಿತನದ ಕೃಪೆ ಅಲ್ಲಿ ದೊರೆಯದು.

ಈ ವಿದ್ಯೆಯ ಬಗ್ಗೆ ನನಗೆ ಆದರವಿದೆಯಾದರೂ, ಇದು ಸ್ವಚ್ಛಕೋಣೆಯ ದುಬಾರಿ ವೆಚ್ಚವನ್ನೂ ಅದೃಷ್ಟವನ್ನೂ ಬೇಡುವ ಕಡೆಗಾಲದ ಚಿಕಿತ್ಸೆ. ನಮ್ಮ ನೆಲದವರು ಅನುಸರಿಸಿದ ಉಪಾಯ ಪ್ರತಿಮಾಡುವುದು. ಕಾರ್ಕಳಕ್ಕೆ ಸಮೀಪದ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಷಟ್‌ಖಂಡಾಗಮದ ಧವಲಾ ಟೀಕೆಯ ಓಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತ, ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಪ್ರತಿಯಾಗಿ ಉಳಿದಿದ್ದುವು. ಒಂದು ಕಿಡಿ ಬಿದ್ದಿದ್ದರೆ ದಿಗಂಬರ ಜೈನರ ಆಗಮಕ್ಕೆ ಗತಿಯೇನಾಗುತ್ತಿತ್ತು? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದರ ಪ್ರತಿ ತೆಗೆಯುವ ಕಾರ್ಯ ಆರಂಭವಾಗಿ, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು ಅಚ್ಚಾಗತೊಡಗಿದ ಮೇಲೆಯೇ ಆ ಭಯ ನೀಗಿತು. ಸರ್ವಮೂಲದ ಚಿತ್ರಗಳನ್ನು ತೆಗೆದ ಮುಕುಂದರ ತಂಡವೂ ಗಣಕದ ಡಿಸ್ಕೊಂದನ್ನೇ ನೆಚ್ಚಿ ಕೂರಲಿಲ್ಲ. ಪುಸ್ತಕವಾಗಿ ಅಚ್ಚುಮಾಡಿಸಿದ್ದಲ್ಲದೆ, ಬೆಂಕಿ ನೀರುಗಳಿಗೆ ಅಳುಕದ ಸಿಲಿಕಾನ್ ಬಿಲ್ಲೆಗಳ ಮೇಲೆ ಗರಿಯ ಚಿತ್ರಗಳನ್ನು ಲೋಹದಲ್ಲಿ ಮೂಡಿಸುವ ಯೋಜನೆಯನ್ನೂ ಕೈಗೊಂಡಿತು. ಅಲ್ಲಿರುವುದು ಅಕ್ಷರದ ಆಕಾರವೇ ಆದ್ದರಿಂದ ಓದುವುದಕ್ಕೆ ಯಾವ ತಂತ್ರಾಂಶವೂ ಬೇಡ, ದೊಡ್ಡದು ಮಾಡಿ ತೋರಿಸುವ ಮಸೂರವಿದ್ದರೆ ಸಾಕು.

ಓದುಗರಲ್ಲಿ ನನ್ನ ಬಿನ್ನಹವಿಷ್ಟು. ಡಿಸ್ಕಿನಿಂದ ಅಪರಿಚಿತವಾದ ಶಬ್ದ ಕೇಳಿಬಂದರೆ ಇನ್ನೊಮ್ಮೆ ನೋಡೋಣವೆನ್ನದೆ ಕೂಡಲೇ ವಿದ್ಯುತ್ತನ್ನು ಆರಿಸಿ, ಬಲ್ಲವರ ಕೈಗೆ ಕೊಡಿ. ಇಂದು ಡಿಸ್ಕು ಚೆನ್ನಾಗಿದ್ದರೆ, ಮೊದಲ ಗುಡುಗು ಕೇಳುವ ಮುನ್ನ ಬೇಕಾದುದೆಲ್ಲದರ ಇನ್ನೊಂದು ಪ್ರತಿಯನ್ನು ಮಾಡಿ, ಅದನ್ನು ಅದೇ ಕಪಾಟಿನಲ್ಲಿಡದೆ ಘಟ್ಟದ ಮೇಲಿನ ನೆಂಟರ ಮನೆಗೆ ಕಳುಹಿಸಿ. ವರ್ಷಕ್ಕೊಮ್ಮೆ ಅವರ ಮನೆಗೆ ಹೋದಾಗ ಅದು ತೆರೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಿ ಬನ್ನಿ.